ಬರೇ ಹಲಗಿ-ಡೊಳ್ಳು ಇಟ್ಕೊಂಡು ಕುಮಾರರಾಮನ ಕತಿ ಹೇಳೋದು ಹೆಂಗ

ಹಾಡಿಲ್ಲ, ಮಾತಿಲ್ಲ, ಹಾರ್ಮೋನಿಯಂ ಇಲ್ಲ, ಬರೇ ಬಡಿಯೋ ವಾದ್ಯ ಇಟ್ಕೊಂಡು ಊರಿನ ಕತಿ ಹೇಳಾಕ ಬರ್ತೈತೇನು ಅಂತ ಭಾಳ ಮಂದಿ ಕೇಳ್ತಾರ. ಬರ್ತೈತ್ರಿ. ಆದ್ರ ನಾವು ಮೊದಲ ಸಲ ಮಾಡ್ದಾಗ ಬರಲಿಲ್ಲ, ಮರ್ಯಾದಿನೂ ಹೋತು. ಫೋನಿನಾಗ ಯಾರೋ ಕಳಿಸಿದ್ದ ಒಂದು ಹಲಗಿ ಬಡಿತ ನನಗ ಭಾಳ ಚಲೋ ಅನಿಸಿತ್ತು, ಅದನ್ನ ಹುಡುಗ್ರಿಗೆ ಕಲಿಸಿ ಒಂದು ಸಾಲಿ ಗ್ಯಾದರಿಂಗಿನ್ಯಾಗ ಹೊಡಿಸಿದೆ, ಎರಡು ನಿಮಿಷ ಆಗಿತ್ತೋ ಇಲ್ಲೋ ಮುಂದ ಕುಂತಿದ್ದ ಒಬ್ಬ ಅಜ್ಜ ಎದ್ದು ಬಂದು ನನ್ನ ಕೈ ಹಿಡದು "ತಮ್ಮಾ, ಇದು ಹೆಣದ ಮುಂದ ಹೊಡಿಯೋ ಬಡಿತ, ಕೂಸುಗಳ ಮುಂದ ಯಾಕ ಹೊಡಸಾಕತ್ತೀ" ಅಂದ. ಸ್ಟೇಜ್ ಮ್ಯಾಲಿನ ಹುಡುಗ್ರಿಗೆ ಗೊತ್ತಿಲ್ಲ, ಅವ್ರು ನಗಾಡ್ಕೊಂತ ಬಾರಿಸಾಕತ್ತಾರ. ನನಗ ನೆಲ ಬಾಯಿ ಬಿಟ್ರ ಸಾಕು ಅನಿಸ್ತು.

ಅದಕ್ಕ ಈ ಕೆಲಸದಾಗ ಮೊದಲು ವಾದ್ಯ ಅಲ್ಲ, ಮೊದಲು ಕತಿ, ಆಮ್ಯಾಲೆ ಆ ಬಡಿತ ಗೊತ್ತಿರೋ ಮಂದಿ, ವಾದ್ಯ ಕೊನಿಗೆ. ನಾವು ಗಂಗಾವತಿಯಾಗ ಹತ್ತು ಮಂದಿ ಕೂಡಿ, ಕಂಪ್ಲಿ ಅರಸು ಕಂಪಿಲರಾಯನ ಮಗ ಕುಮಾರರಾಮನ ಕತಿನ 11 ನಿಮಿಷದ ಮ್ಯಾಳ ಮಾಡಿದ್ದು ಹೆಂಗ ಅನ್ನೋದನ್ನ ಇಲ್ಲಿ ಬರಿತೀನಿ, ನಿಮ್ಮೂರಿನ ಕತಿಗೆ ನೀವು ಬದ್ಲಿ ಮಾಡ್ಕೊರಿ.

ಕತಿ ಆರಿಸೋದು

ಎಲ್ಲಾ ಕತಿನೂ ಬಡಿತಕ್ಕ ಆಗಿ ಬರೂದಿಲ್ಲ. ಶಾಪ, ವರ, ಉದ್ದುದ್ದ ಮಾತುಕತಿ ಇರೋ ಕತಿ ಬುರ್ರಕಥಾಕ್ಕ ಚಲೋ, ಬಯಲಾಟಕ್ಕ ಚಲೋ, ನಮಗಲ್ಲ. ನಾನು ಒಂದು ಪರೀಕ್ಷಾ ಇಟ್ಕೊಂಡೀನಿ. ಕತಿನ ಬರೇ ಕ್ರಿಯಾದಾಗ ಹೇಳಿ ನೋಡ್ರಿ: ಪುಟಿತು, ಓಡಿತು, ಮುಚ್ಚಿಟ್ರು, ಕಡದ್ರು. ಕಿವಿಗೆ ಕೇಳೋವಂಥ ನಾಕು ಕ್ರಿಯಾ ಸಿಕ್ರ ಆ ಕತಿ ತಗೋರಿ, ಸಿಗಲಿಲ್ಲ ಅಂದ್ರ ಬಿಡ್ರಿ.

ನಮ್ಮ ಕಡಿ ಎಲ್ಲಾರೂ ಮೊದಲು ಹನುಮಪ್ಪಗ ಕೈ ಹಾಕ್ತಾರ, ಆನೆಗೊಂದಿ ಕಡಿ ಅಂಜನಾದ್ರಿ ಇದ್ದೇ ಐತಿ, 575 ಮೆಟ್ಟಲ ಏರೋದು, ಸೂರ್ಯಗ ಜಿಗಿಯೋದು. ಮಾಡಬ್ಯಾಡ್ರಿ ಅನ್ನೂದಿಲ್ಲ, ಆದ್ರ ಅದು ಹೋಗಿ ಹೋಗಿ ಡಿಜೆ ಆಗಿ ನಿಲ್ತೈತಿ, ಯಾಕಂದ್ರ ಕೇಳೋರ ತಲ್ಯಾಗ ಆಗ್ಲೇ ಆ ಹಾಡುಗಳು ಕುಂತಾವು, ನಿಮ್ಮ ಬಡಿತಕ್ಕ ಅಲ್ಲಿ ಜಾಗಾನ ಇರೂದಿಲ್ಲ.

ಬಳ್ಳಾರಿಯವರಿಗೆ ಒಂದು ಮಸ್ತ್ ಕತಿ ಐತಿ. ಹೈದರಾಲಿ ಫ್ರೆಂಚ್ ಎಂಜಿನಿಯರ್ ಕೈಲೆ ಗುಡ್ಡದ ಮ್ಯಾಲಿನ ಕ್ವಾಟಿ ರಿಪೇರಿ ಮಾಡಿಸಿದ, ಎಲ್ಲಾ ಮುಗದ ಮ್ಯಾಲೆ ನೋಡಿದ್ರ ಎದುರಿಗಿನ ಕುಂಬಾರ ಗುಡ್ಡ ಕ್ವಾಟಿಗಿಂತ ಎತ್ತರ, ಸಿಟ್ಟಿಗೆದ್ದು ಎಂಜಿನಿಯರ್‌ನ ಗಲ್ಲಿಗೆ ಹಾಕಿಸಿದ ಅಂತ ಹೇಳ್ತಾರಲ್ಲ, ಅದು. ಎರಡು ಡೊಳ್ಳು ಸಾಕು. ಒಂದು ಇಳಿ ದನಿದು, ಒಂದು ಏರು ದನಿದು. ಇಳಿ ದನಿ ಡೊಳ್ಳು ಎರಡು ನಿಮಿಷ ಜಂಬದಲೆ ದೊಡ್ಡ ದೊಡ್ಡ ಮಾತು ಆಡ್ಲಿ, ಆಮ್ಯಾಲೆ ಏರು ದನಿದು ಸುಮ್ನ ಮೂರು ಪೆಟ್ಟು ಹಾಕ್ಲಿ. ಮಂದಿ ನಗ್ತಾರ, ನೀವ ನೋಡ್ರಿ.

ರಾಯಚೂರಿನವರು ಕ್ವಾಟಿ ಗ್ವಾಡಿಯಾಗಿನ ಆ ಉದ್ದನ ಕಲ್ಲು ನೋಡಿರ್ತೀರಿ, 41 ಅಡಿಗಿಂತ ಉದ್ದ ಐತಿ, 1294ರ ಶಾಸನ ಅದರ ಮ್ಯಾಲ ಕೆತ್ತ್ಯಾರ, ಅದ ಕಲ್ಲನ್ನ ಬಂಡಿ ಮ್ಯಾಲೆ ಹೇರಿ ಕೋಣಗಳ ಸಾಲಿಗೆ ಕಟ್ಟಿ ಎಳದ ಚಿತ್ರನೂ ಕೆತ್ತ್ಯಾರ. ಪುರಾಣ ಅಲ್ಲ, ಆದ್ರ ಬಡಿತಕ್ಕ ಅದಕ್ಕಿಂತ ಚಲೋ ವಸ್ತು ನಾ ಕಾಣೆ. ಆರು ಎಣಿಕಿ ಹಿಡಿರಿ, ಒಂದಕ್ಕ ಎಲ್ಲಾರೂ ಕೂಡಿ ಜಗ್ಗಿ ಹೊಡಿರಿ, ಉಳದ ಐದು ಉಸಿರು. ಮೊದಲ ಮೂರು ಸಲ ಕಲ್ಲು ಅಲಗಾಡಬಾರದು, ಅಂದ್ರ ಆ ಪೆಟ್ಟಿನ ಹಿಂದ ಏನೂ ಬರಬಾರದು. ನಾಕನೇ ಸಲಕ್ಕ ಗಾಲಿ ಉಳ್ಳೋ ಸಪ್ಪಳ ತಾಸಿನ (ಜಾಗಟಿ) ಮ್ಯಾಲೆ ಸಣ್ಣಗ ಸುರು ಆಗ್ಲಿ.

ನಮ್ಮ ಗಂಗಾವತಿ ಬಾಜು ಹಿರೇಬೆಣಕಲ್ ಗುಡ್ಡದ ಮೋರ್ಯರ ಕತಿನೂ ಐತಿ, ಗಿಡ್ಡ ಮಂದಿ ಅಷ್ಟು ದೊಡ್ಡ ಬಂಡಿಗಲ್ಲು ಎತ್ತಿ ಮನಿ ಕಟ್ಕೊಂಡ್ರು ಅಂತ. ಆ ಗುಡ್ಡದ ಮ್ಯಾಲೆ ಕಲ್ಲಿನ ನಗಾರಿ ಐತಿ, ಬಡದ್ರ ನಗಾರಿ ಹಂಗ ನುಡಿಯೋ ಬಂಡಿ. ಬಳ್ಳಾರಿ ಬಾಜು ಸಂಗನಕಲ್ಲು-ಕುಪ್ಪಗಲ್ ಗುಡ್ಡದಾಗೂ ಕರಿ ಬಂಡಿಗಳು ಗಂಟಿ ಹಂಗ ಟಣ್ ಅಂತಾವು, ಹೊಸ ಶಿಲಾಯುಗದ ಮಂದಿ ಬಡದು ಬಡದು ಕುಳಿ ಬಿದ್ದಾವು. ನೋಡಾಕ ಹೋಗ್ರಿ, ಆದ್ರ ಕಲ್ಲು ತಗೊಂಡು ಅದನ್ನ ಬಡದು ರೀಲ್ ಮಾಡಾಕ ಹೋಗಬ್ಯಾಡ್ರಿ. ಹಿರೇಬೆಣಕಲ್ 2021ರಾಗ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರೈತಿ, ನಮ್ಮ ರೀಲಿನ ಆಸೆಗೆ ಅದಕ್ಕೊಂದು ಬಿರುಕು ಬಿಡೋದು ಬ್ಯಾಡ. ಕಲ್ಲಿನ ದನಿ ಬೇಕಾದ್ರ ಫರಸಿ ಅಂಗಡ್ಯಾಗ ಒಂದು 4 ಅಡಿ ಉದ್ದ, ಅರ್ಧ ಅಡಿ ಅಗಲದ ಕಡಪಾ ಪಟ್ಟಿ ತಗೊಂಡು, ಎರಡೂ ತುದಿಯಿಂದ ಸುಮಾರು 11 ಇಂಚಿಗೆ ಕೆಳಗ ಹಗ್ಗದ ಸಿಂಬಿ ಇಟ್ಟು ನಡಕ ಕಟಗಿ ಕೊಡತಿಲೆ ಹೊಡಿರಿ. ಸಿಂಬಿ ಇಡೋ ಜಾಗಾನ ಮುಖ್ಯ, ಅಲ್ಲಿ ಕಲ್ಲು ನಡುಗೂದಿಲ್ಲ, ಅದಕ್ಕ ದನಿ ಸಾಯೂದಿಲ್ಲ. ಬರೇ ನೆಲದ ಮ್ಯಾಲೆ ಇಟ್ರ ಟಪ್ ಅಂತೈತಿ ಅಷ್ಟ.

ನಾವು ಕುಮಾರರಾಮನ್ನ ಯಾಕ ಹಿಡದ್ವಿ ಅಂದ್ರ ಅವನ ಕುಮ್ಮಟದುರ್ಗ ನಮ್ಮ ತಾಲೂಕಿನ್ಯಾಗ, ಜಬ್ಬಲಗುಡ್ಡದ ಹತ್ರ ಐತಿ, ಅವನ ಅಪ್ಪ ಕಂಪಿಲರಾಯನ ಕಂಪ್ಲಿ ಹೊಳಿ ಆಚಿ ದಂಡಿಗೆ ಬಳ್ಳಾರಿ ಜಿಲ್ಲಾದಾಗ ಐತಿ. ದಿಲ್ಲಿ ತುಘಲಕನ ದಂಡು ಬಂದು ಕಂಪಿಲಿ ಬಿದ್ದಿದ್ದು 1327ರ ಸುಮಾರಿಗೆ. ಅದು ಇತಿಹಾಸ. ಜನರ ಬಾಯಾಗಿರೋ ಕತಿ ಬ್ಯಾರೆ, ಹಿಂಗ: ರಾಮ ಚೆಂಡಾಡುವಾಗ ಚೆಂಡು ಚಿಕ್ಕವ್ವ ರತ್ನಾಜಿ ಅರಮನಿಯಾಗ ಬಿತ್ತು, ತರಾಕ ಹೋದ, ಆಕಿ ಅವನ ಮ್ಯಾಲೆ ಮನಸು ಮಾಡಿದ್ಲು, ಇವ ಪರನಾರಿ ಸಹೋದರ, ಒಲ್ಲೆ ಅಂದ. ಆಕಿ ರಾಯನ ಮುಂದ ಇಲ್ಲದ್ದು ಹೇಳಿದ್ಲು. ರಾಯ ಮಗನ ತಲಿ ತರ್ರಿ ಅಂದ. ಮಂತ್ರಿ ಬೈಚಪ್ಪ ರಾಮನ್ನ ನೆಲಮನಿಯಾಗ ಮುಚ್ಚಿಟ್ಟು ಅವನ್ಹಂಗ ಇದ್ದ ಇನ್ನೊಂದು ತಲಿ ತೋರಿಸಿದ. ತುರುಕರ ದಂಡು ಬಂದಾಗ ರಾಮ ಎದ್ದು ಬಂದು ಕಾದಾಡಿದ, ಕೊನಿಗೆ ಮಾತಂಗಿ ಅನ್ನೋ ಹೆಣ್ಣು ದಂಡಾಳಿನ ಕೈಯಾಗ ಬಿದ್ದ. ಪುಟಿಯೋದು, ಒಲ್ಲೆ ಅನ್ನೋದು, ತಲಿ ಬದ್ಲಾಗೋದು, ಕುದುರಿ ಓಡೋದು, ಕಡಿಯೋದು. ಐದು ಸಿಕ್ಕುವು.

ಮಂದಿ

ಇಲ್ಲಿ ಸ್ವಲ್ಪ ನಿಂತು ಓದ್ರಿ. ಹಲಗಿ ಮಾದಿಗ ಕೇರಿಯವರು ತಲಿತಲಾಂತರದಿಂದ ಬಲ್ಲ ವಿದ್ಯಾ, ಡೊಳ್ಳು ಹಾಲುಮತದವರದು ಬೀರಪ್ಪನ ಗುಡಿದು, ಒಂದ ತಂತಿದ ಚೌಡಿಕಿ ಹುಲಿಗೆಮ್ಮ-ಎಲ್ಲಮ್ಮನ ಜೋಗಮ್ಮಗಳದು, ಸಮಾಳ ಅನ್ನೋ ತೊಗಲಿನ ವಾದ್ಯ ವೀರಭದ್ರನ ಪುರವಂತರ ಜೋಡಿ ಬರೋದು. ಒಂದೊಂದು ಬಡಿತಕ್ಕೂ ಒಂದೊಂದು ಹೊತ್ತೈತಿ. ದೇವ್ರು ಹೊಳಿಗೆ ಹೋಗೋವಾಗಿನದು ಬ್ಯಾರೆ, ಮದುವಿದು ಬ್ಯಾರೆ, ಹೆಣದ್ದು ಬ್ಯಾರೆ, ಇದನ್ನ ಯೂಟ್ಯೂಬ್ ಹೇಳೂದಿಲ್ಲ, ಬಾರಿಸೋರು ಹೇಳ್ತಾರ. ಹಂಗಾಗಿ ಮೊದಲ ದಿನ ವಾದ್ಯ ಮುಟ್ಟದ ಕುಂತು ಕೇಳ್ರಿ, ಯಾವುದು ಸ್ಟೇಜಿಗೆ ಬರಬಹುದು ಯಾವುದು ಬರಬಾರದು ಅಂತ. ಬ್ಯಾಡ ಅಂದದ್ದನ್ನ ಬಿಟ್ಟು ಬಿಡ್ರಿ, ಚೌಕಾಸಿ ಬ್ಯಾಡ.

ಇನ್ನೊಂದು. ಕೆಲವು ಮನಿಯವರು ಹಲಗಿ ಬಿಟ್ಟಾರ, ಬೇಕಂತಲೇ ಬಿಟ್ಟಾರ, ಯಾಕಂದ್ರ ಊರವರು ಅದನ್ನ ಬಿಟ್ಟಿ ಚಾಕರಿ ಮಾಡಿ ಇಟ್ಟಿದ್ರು. ಅವ್ರ ಮನಿ ಮುಂದ ಹೋಗಿ "ಸಂಸ್ಕೃತಿ ಉಳಿಸ್ರಿ" ಅಂತ ಭಾಷಣ ಹೊಡಿಬ್ಯಾಡ್ರಿ, ಅವ್ರು ಬಿಡೋದಕ್ಕ ಕಾರಣ ಐತಿ. ಮನಸಿದ್ದವರು ಬರ್ತಾರ. ಬಂದವರಿಗೆ ಪ್ರೋಗ್ರಾಮಿಗೆ ಕೊಟ್ಟಂಗ ಪ್ರಾಕ್ಟೀಸಿಗೂ ರೊಕ್ಕ ಕೊಡ್ರಿ, ಅವ್ರ ಅವತ್ತಿನ ಕೂಲಿ ಹೋಗಿರ್ತೈತಿ. ಮೈಕಿನ್ಯಾಗ ಹೆಸರು ಹೇಳುವಾಗ ಎಂಟ್ರಿಗೆ ಗುಲಾಬಿ ಹಿಡದು ನಿಂತೋರ ಹೆಸರಿಗಿಂತ ಮೊದಲು ಅವ್ರ ಹೆಸರು ಹೇಳ್ರಿ. ನಮಗ ಹಲಗಿ ಕಲಿಸಿದ ಕಾಕಾಗ ಅರವತ್ತು ದಾಟೈತಿ, ಮೊದಲ ಎರಡು ವಾರ ಏನೂ ಮಾತಾಡಲಿಲ್ಲ, ಮೂರನೇ ವಾರ ನಮ್ಮ ಕತಿನ ತಿದ್ದಾಕ ಸುರು ಮಾಡಿದ, ಅಲ್ಲಿಂದ ಇದು ಮ್ಯಾಳ ಆತು.

ಕತಿ ಹೇಳೋರ ಹತ್ರನೂ ಹೋಗ್ರಿ. ಸಂಡೂರು ತಾಲೂಕಿನ ದರೋಜಿ ಈರಮ್ಮ, 2014ರಾಗ ತೀರಿಕೊಂಡ ಆಯಿ, ಓದು ಬರಹ ಇಲ್ಲದ ಹನ್ನೆರಡು ಮಹಾಕಾವ್ಯ ಬಾಯಿಲೆ ಹೇಳ್ತಿದ್ಲು. ಅಂಥಾವ್ರು ಹೇಳೋದನ್ನ ಕೇಳಿದ್ರ ಒಂದು ತಿಳಿತೈತಿ: ಕತಿ ಎಲ್ಲಿ ಓಡ್ತೈತಿ, ಎಲ್ಲಿ ಕುಂಡ್ರತೈತಿ ಅಂತ. ಕಾಳಗ ಬಂದಾಗ ಜೋರು ಮಾಡೋದು ಎಲ್ಲಾರಿಗೂ ಬರ್ತೈತಿ, ಕಾಳಗಕ್ಕ ಮೊದಲು ಒಂದು ಚಣ ಸುಮ್ನಾಗೋದು ಅವ್ರಿಗಷ್ಟ ಬರ್ತೈತಿ.

ವಾದ್ಯ, ಬೆಂಕಿ, ಮಳಿ

ನಮ್ಮದು ಹತ್ತು ಮಂದಿ: ಹಲಗಿ 4, ಡೊಳ್ಳು 2, ಸಮಾಳ 1, ಚೌಡಿಕಿ 1, ತಾಸು ಅಂದ್ರ ಜಾಗಟಿ 1, ತಾಳ ಹಿಡಿಯೋರು ಒಬ್ರು. ಇದಕ್ಕಿಂತ ಹೆಚ್ಚು ಮಾಡಬ್ಯಾಡ್ರಿ. ಇಪ್ಪತ್ತು ಹಲಗಿ ನಿಲ್ಲಿಸಿದ್ರ ದನಿ ಇಪ್ಪತ್ತು ಪಟ್ಟು ಆಗೂದಿಲ್ಲ, ಬರೇ ಗದ್ದಲ ಆಗ್ತೈತಿ, ಕತಿ ಅದರಾಗ ಮುಳುಗಿ ಹೋಗ್ತೈತಿ.

ಹಲಗಿ ಕಾಸೋದು ಒಂದು ಕಲಿ. ಒಣ ಹುಲ್ಲು ಇಲ್ಲಾ ಪೇಪರ್ ಉರಿಗೆ ತೊಗಲಿನ ಮುಖ ತೋರಿಸಿ ತಿರುವ್ಕೊಂತ ಇರ್ರಿ, ಒಂದ ಕಡಿ ನಿಲ್ಲಿಸಬ್ಯಾಡ್ರಿ, ನಡುನಡುಕ ಬೆರಳಿಲೆ ಬಡದು ನೋಡ್ರಿ. ದಬ್ ದಬ್ ಅನ್ನೋದು ಹೋಗಿ ಟಣ್ ಅಂತ ಬಂದ್ರ ಸಾಕು, ಅಲ್ಲಿಗೆ ತಗದ್ಬಿಡ್ರಿ. ಇನ್ನೊಂಚೂರು ಕಾಸೋಣ ಅನ್ನೋ ಆಸೆ ಬರ್ತೈತಿ, ಆ ಆಸೆಗೆ ನಮ್ಮದೊಂದು ಹಲಗಿ ಸ್ಟೇಜ್ ಹಿಂದ ಪಟ್ ಅಂತ ಸೀಳಿತು. ಬಿಗು ಹತ್ತು-ಹದಿನೈದು ನಿಮಿಷದಾಗ ಇಳ್ಯಾಕ ಸುರು ಆಗ್ತೈತಿ, ಅದಕ್ಕ ಭಾಷಣ ಮುಗಿಯೋಕಿಂತ ಮೊದಲ ಕಾಸಬ್ಯಾಡ್ರಿ, ಅವ್ರ ಭಾಷಣ ಯಾವಾಗ ಮುಗಿತೈತಿ ಅಂತ ಅವ್ರಿಗೇ ಗೊತ್ತಿರೂದಿಲ್ಲ. ಮಳಿಗಾಲದಾಗ, ಇಲ್ಲಾ ಕಾಲುವಿಗೆ ನೀರು ಬಿಟ್ಟು ಸುತ್ತಲೂ ಭತ್ತದ ಗದ್ದಿ ತುಂಬಿ ನಿಂತಾಗ ನಮ್ಮ ಕಡಿ ಗಾಳ್ಯಾಗ ಹಸಿ ಇರ್ತೈತಿ, ಆವಾಗ ಒಂದೆರಡು ಫೈಬರ್ ಹಲಗಿ ಜೋಡಿ ಇಟ್ಕೊರಿ. ಅದರ ದನಿ ನನಗ ಸೇರೂದಿಲ್ಲ, ಪ್ಲಾಸ್ಟಿಕ್ ಡಬ್ಬಿ ಬಡದಂಗ, ಆದ್ರ ಬೆಂಕಿ ಬೇಕಾಗೂದಿಲ್ಲ.

ಡೊಳ್ಳಿಗೆ ಹಗ್ಗ ಬಿಗಿಯೋದು ಐತಿ. ಎರಡು ಡೊಳ್ಳು ಒಂದ ದನಿಗೆ ಕೂಡಿಸಬ್ಯಾಡ್ರಿ, ಒಂದು ಸ್ವಲ್ಪ ಇಳಿ ಇರ್ಲಿ. ಯಾಕ ಅಂತ ಮುಂದ ಬರ್ತೈತಿ.

ಎಣಿಕಿ

ಬಾಯಿಲೆ ಬರಲಾರದ್ದು ಕೈಲೆ ಬರೂದಿಲ್ಲ. ನಾವು ಮೊದಲ ಎರಡು ಆಯ್ತವಾರ ವಾದ್ಯ ಮುಟ್ಟಲೇ ಇಲ್ಲ, ಒಂದು ರೈಸ್ ಮಿಲ್ಲಿನ ಅಂಗಳದಾಗ ನಿಂತು ಬರೇ ಬಾಯಿಲೆ ಡುಂ, ತ, ಕ. ಕಾಲು ನಡಿತಿರಬೇಕು, ಅದ ಮುಖ್ಯ. ರಾಯಚೂರು ಕೊಪ್ಪಳ ಕಡಿ ಹುಡುಗ್ರಿಗೆ ಅಲಾಯಿ ಹಬ್ಬದ (ಮೊಹರಂ) ಹೆಜ್ಜಿ ಸಣ್ಣಂದಿರತಾ ಗೊತ್ತಿರ್ತೈತಿ, ಜಾತಿ ಧರ್ಮ ಏನೂ ನೋಡದ ಎಲ್ಲಾರೂ ಕುಣದಿರ್ತಾರ, ಅದ ಹೆಜ್ಜಿನ ಮೆಟ್ರೊನೋಮ್, ಅಂದ್ರ ವೇಗ ತಪ್ಪದಂಗ ಎಣಿಸೋ ಯಂತ್ರ, ಮಾಡ್ಕೊರಿ. ಫೋನಿನಾಗಿನ ಮೆಟ್ರೊನೋಮ್ ಆಪ್ ಬೇಕಾದ್ರ ಬರೇ ವೇಗ ಗೊತ್ತು ಮಾಡಾಕ ಇರ್ಲಿ, ನಿಮಿಷಕ್ಕ 80ರಿಂದ ಸುರು ಮಾಡಿ ವಾರಕ್ಕ ಹತ್ತರಂಗ ಏರ್ಸಿ 120ಕ್ಕ ನಿಲ್ಲಿಸ್ರಿ. ಹುಡುಗ್ರು 140ಕ್ಕ ಹೋಗೋಣ ಅಂತಾರ, ಬಿಡಬ್ಯಾಡ್ರಿ.

ಪ್ರಾಕ್ಟೀಸ್ ರೆಕಾರ್ಡ್ ಮಾಡೋವಾಗ ಫೋನ್ ಹತ್ರ ಇಟ್ರ ಬರೇ ಬರ್ ಬರ್ ಅಂತ ಒಡದ ದನಿ ಬರ್ತೈತಿ, 20 ಅಡಿ ದೂರ ಕುರ್ಚಿ ಮ್ಯಾಲೆ ಟಾವೆಲ್ ಹಾಸಿ ಇಡ್ರಿ. ತಗಡಿನ ಶೆಡ್ಡಿನ್ಯಾಗ ಬಾರಿಸಬ್ಯಾಡ್ರಿ, ಕಿವಿ ಹಾಳಾಗ್ತಾವು, ಎಣಿಕಿನೂ ಕೇಳೂದಿಲ್ಲ. ಬಯಲು ಚಲೋ. ಡೊಳ್ಳಿನ ಬಾಜು ನಿಲ್ಲೋರಿಗೆ ಕಿವ್ಯಾಗ ಹಾಕ್ಕೊಳ್ಳೋ ಫೋಮ್ ಬೂಚು ಕೊಡ್ರಿ, ಮೆಡಿಕಲ್ ಶಾಪಿನ್ಯಾಗ ಸಿಗ್ತಾವು.

ಈಗ ಕತಿ ಕಟ್ಟೋದು

ಮೊದಲು ಚೆಂಡು. ನಾವು ಮೊದಲು ಏನು ಮಾಡಿದ್ವಿ ಅಂದ್ರ ಹತ್ತೂ ಮಂದಿ ಕೂಡಿ ಧಡಧಡ ಸುರು ಮಾಡಿದ್ವಿ, ಕಾಕಾ "ಇದೇನು ಚೆಂಡೋ ಇಟಗಿ ಲಾರಿನೋ" ಅಂದ. ಖರೇ. ಒಂದು ಚೆಂಡು ತಗೊಂಡು ಅಂಗಳದಾಗ ಬಿಟ್ಟು ಕೇಳಿದ್ವಿ. ಪುಟಿಯೋ ಚೆಂಡಿನ ಪೆಟ್ಟುಗಳ ನಡಕಿನ ಸಂದು ಸಣ್ಣದು ಆಗ್ಕೊಂತ ಹೋಗ್ತೈತಿ, ಪೆಟ್ಟೂ ಮೆತ್ತಗ ಆಗ್ಕೊಂತ ಹೋಗ್ತೈತಿ. ಅದನ್ನ ಹಿಂಗ ಎಣಿಸಿದ್ವಿ: ಒಂದು ಪೆಟ್ಟು ಹೊಡದು 8 ಎಣಿಸ್ರಿ, ಆಮ್ಯಾಲೆ 5, 3, 2, 1, 1. ಒಟ್ಟು 20 ಎಣಿಕಿ. 80ರ ವೇಗದಾಗ ಸರಿಯಾಗಿ 15 ಸೆಕೆಂಡ್. ಒಂದ ಹಲಗಿ, ಒಬ್ಬನ. ಇದನ್ನ ಮೂರು ಸಲ ಮೂರು ಜಾಗದಿಂದ, ಎಡಕ ಒಬ್ಬ, ಬಲಕ ಒಬ್ಬ, ಹಿಂದ ಒಬ್ಬ, ಚೆಂಡು ಕೈಯಿಂದ ಕೈಗೆ ಹೋದಂಗ. ಮೂರನೇ ಸಲ ಕೊನಿ ಪೆಟ್ಟು ಬರೂದಿಲ್ಲ. ಚೆಂಡು ಅರಮನಿಯೊಳಗ ಬಿತ್ತು.

ಅಲ್ಲಿ ಚೌಡಿಕಿ. ಒಂದ ತಂತಿ, ಅದನ್ನ ಮೀಟಿ ಜಗ್ಗಿ ಬಿಟ್ರ ದನಿ ಮ್ಯಾಲೆ ಏರಿ ಕೆಳಗ ಇಳಿತೈತಿ, ಕರದಂಗ, ಬಿಕ್ಕಿದಂಗ. ರತ್ನಾಜಿ ಆಕಿ. ಚೌಡಿಕಿ 8 ಎಣಿಕಿ ಕೇಳ್ತೈತಿ, ರಾಮನ ಹಲಗಿ 8 ಎಣಿಕಿ ಉತ್ರ ಕೊಡಬೇಕು, ಕೊಡೂದಿಲ್ಲ. ಸುಮ್ನ. ಮತ್ತ 8 ಕೇಳ್ತೈತಿ, ಮತ್ತ ಸುಮ್ನ. ಮೂರು ಸಲ. ಈ ಸುಮ್ನಿರೋದನ್ನ ಸರಿಯಾಗಿ 8 ಎಣಿಸಿ ಸುಮ್ನಿರಬೇಕು, ಏಳೂವರಿಗೆ ಯಾರಾರ ಗೆಜ್ಜಿ ಅಲಗಾಡಿಸಿದ್ರ ಕೆಡ್ತು. ನಮ್ಮ ಹುಡುಗ್ರಿಗೆ ಬಾರಿಸೋದು ಒಂದು ವಾರದಾಗ ಬಂತು, ಬಾರಿಸದ ನಿಲ್ಲೋದು ಬರಾಕ ಒಂದು ತಿಂಗಳು ಹಿಡೀತು. ಮೂರನೇ ಸಲ ಆದ ಮ್ಯಾಲೆ ಚೌಡಿಕಿ ಅದ ಮಾತನ್ನ ರಾಯನ ಡೊಳ್ಳಿಗೆ ಹೇಳ್ತೈತಿ, ಡೊಳ್ಳು ಕೂಡ್ಲೆ ಉತ್ರ ಕೊಡ್ತೈತಿ, ತುಸುನೂ ಯೋಚ್ನಿ ಮಾಡದ.

ತಲಿ ಬದ್ಲಾಗೋದು ನನಗ ಎಲ್ಲಾಕ್ಕಿಂತ ಸೇರೋ ಭಾಗ. ರಾಮನ ಗುರ್ತು ಅಂತ 16 ಮಾತ್ರಿದ ಒಂದು ಬಡಿತ ಮಾಡಿದ್ವಿ, ಗೆರಿ ಇದ್ದಲ್ಲಿ ಸುಮ್ನಿರೋದು:

ಡುಂ – ತ ಕ | ಡುಂ – ಡುಂ – | ತ ಕ ತ ಡುಂ | – ತ ಡುಂ –

ಐದು ಡುಂ ಅದಾವು. 12ನೇ ಮಾತ್ರಿಗೆ ಬೀಳೋ ಡುಂ ಜಾಗ ತಪ್ಪಿ ಬಿದ್ದಂಗ ಅನಿಸ್ತೈತಿ, ಅದ ಈ ಬಡಿತದ ಮುಖ, ಅದನ್ನ ಕೇಳಿದ್ರ ಇವ ರಾಮ ಅಂತ ಗೊತ್ತಾಗ್ಬೇಕು. ಅದಕ್ಕ ಕತಿ ಸುರು ಆದಾಗಿಂದ ಇದನ್ನ ನಡುನಡುಕ ಹತ್ತು ಸಲಾರ ಕೇಳಿಸಿರಬೇಕು, ಚೆಂಡಿನ ಆಟದಾಗೂ ಒಂದು ಡೊಳ್ಳು ಹಿಂದ ಮೆತ್ತಗ ಇದನ್ನ ನುಡಿತಿರ್ಲಿ. ಈಗ ಬೈಚಪ್ಪ ನಕಲಿ ತಲಿ ತರ್ತಾನ. ಇಳಿ ದನಿ ಡೊಳ್ಳು ಅದ ಬಡಿತ ಬಾರಿಸ್ತೈತಿ, ಆದ್ರ 12ನೇ ಡುಂ ಇಲ್ಲ:

ಡುಂ – ತ ಕ | ಡುಂ – ಡುಂ – | ತ ಕ ತ – | – ತ ಡುಂ –

ನಾಕ ಡುಂ. ರಾಯ ಒಪ್ಕೊಂತಾನ, ಅಂದ್ರ ಉಳದವ್ರೆಲ್ಲಾ ಆ ನಾಕು ಡುಂ ಬಡಿತನ ಹಿಡದು ಜೋರಾಗಿ ನುಡಿಸ್ತಾರ, ಊರಿಗೆ ಊರ ನಂಬಿದಂಗ. ಆವಾಗ ಹಿಂದ, ಡೊಳ್ಳಿನ ಮ್ಯಾಲೆ ಟಾವೆಲ್ ಹಾಸಿ, ಏರು ದನಿ ಡೊಳ್ಳು ಐದು ಡುಂದು ಅಸಲಿ ಬಡಿತ ನುಡಿಸ್ಕೊಂತ ಇರ್ತೈತಿ, ನೆಲಮನಿಯಾಗಿಂದ ಬಂದಂಗ. ಎಲ್ಲಾರಿಗೂ ಕೇಳಿಸೂದಿಲ್ಲ, ಕೇಳಿಸಬಾರದು. ಮುಂದಿನ ಸಾಲಿನ ಒಬ್ರಿಬ್ರು ಹಿಂದ ಹೊಳ್ಳಿ ನೋಡಿದ್ರ ಅಂದ್ರ ಸರಿಯಾಗೈತಿ. ಮೈಕಿನವ್ರಿಗೆ ಈ ಡೊಳ್ಳಿಗೆ ಮೈಕ್ ಇಡಬ್ಯಾಡ್ರಿ ಅಂತ ಮೊದಲ ಹೇಳ್ರಿ, ಇಲ್ಲಾಂದ್ರ ಅವ್ರು ಪ್ರೀತಿಯಿಂದ ಬಂದು ಇಟ್ಟ ಹೋಗ್ತಾರ, ನಮಗ ಒಮ್ಮೆ ಹಂಗ ಆಗಿ ಸತ್ತ ರಾಮ ಸ್ಪೀಕರಿನ್ಯಾಗ ಗುಡುಗಿದ.

ಕುದುರಿ. ರಾಮನ ಕುದುರಿ ಹೆಸರು ಬೊಲ್ಲ. ಎಲ್ಲಾರೂ ಕುದುರಿ ಅಂದ ಕೂಡ್ಲೆ ಟಕ ಟಕ ಟಕ ಟಕ ಅಂತ ಸಮ ಹೊಡಿತಾರ, ಅದು ಟಾಂಗಾ ಕುದುರಿ. ನಾಗಾಲೋಟಕ್ಕಿಂತ ತುಸು ಕಡಿಮಿ ವೇಗದಾಗ ಓಡೋ ಕುದುರಿ ಹಂಗಲ್ಲ, ಮೂರು ಸಪ್ಪಳ ಆದ ಮ್ಯಾಲೆ ನಾಕೂ ಕಾಲು ಒಂದು ಚಣ ಗಾಳ್ಯಾಗ ಇರ್ತಾವು. ಹಂಗಾಗಿ ಟ ಕ ಟ –, ಟ ಕ ಟ –. ನಾಕನೇದು ಖಾಲಿ. ಅದನ್ನ ತುಂಬಿದ್ರ ಕುದುರಿ ಹೋಗಿ ಕತ್ತೆ ಆಗ್ತೈತಿ. ಹಲಗಿ ನಡಕ ಹೊಡಿಬ್ಯಾಡ್ರಿ, ದಂಡಿಗೆ, ಬಳಿ ಹತ್ರ, ಸಣ್ಣ ಬೆತ್ತದಲೆ ಹೊಡಿರಿ. ನಾಕು ಹಲಗಿಯೊಳಗ ಒಂದರಿಂದ ಸುರು ಮಾಡಿ ಎಂಟೆಂಟು ಸುತ್ತಿಗೆ ಒಂದೊಂದು ಕೂಡಿಸ್ರಿ, ದೂರದಿಂದ ಹತ್ರ ಬಂದಂಗ. ಈ ಓಟದ ಮ್ಯಾಲೆ ಏರು ದನಿ ಡೊಳ್ಳು ಟಾವೆಲ್ ತಗದು ಒಗದು ಐದು ಡುಂದು ಬಡಿತ ಬಾರಿಸ್ಕೊಂತ ಮುಂದ ಬರ್ಲಿ, ಖರೇನ ನಡ್ಕೊಂತ ಹಿಂದಿಂದ ಮುಂದಕ ಬರ್ಲಿ. ಇಲ್ಲಿ ಮಂದಿ ಸೀಟಿ ಹೊಡದ್ರ ಹೊಡಿಲಿ.

ಕಾಳಗದಾಗ ಮಾತಂಗಿ ಬರ್ತಾಳ, ಆಕಿ ಸಮಾಳ. ಉಳದವ್ರೆಲ್ಲಾ 8ರ ಸುತ್ತಿನ್ಯಾಗ ಅದಾರ, ಆಕಿ 7ರ ಸುತ್ತು ಹಿಡಿತಾಳ. ಒಂದ ಪೆಟ್ಟಿಗೆ ಸುರು ಆದ್ರೂ ಎರಡನೇ ಸುತ್ತಿನಿಂದ ಬ್ಯಾರೆ ಬ್ಯಾರೆ ಆಗ್ತಾರ, ಆಕಿ ಪೆಟ್ಟು ಒಂದೊಂದ ಎಣಿಕಿ ಮೊದಲ ಬೀಳ್ತಾ ಹೋಗ್ತೈತಿ, ಸುತ್ತಲೂ ತಿರುಗಿ ಎಲ್ಲಿ ಸಂದು ಸಿಗ್ತೈತಿ ಅಂತ ನೋಡಿದಂಗ. 56 ಎಣಿಕಿ ಆದ ಮ್ಯಾಲೆ, ಅಂದ್ರ ಇವ್ರ ಏಳು ಸುತ್ತು ಆಕಿ ಎಂಟು ಸುತ್ತು ಮುಗದ ಮ್ಯಾಲೆ, ಎರಡೂ ಮತ್ತ ಒಂದ ಪೆಟ್ಟಿಗೆ ಕೂಡ್ತಾವು. 120ರ ವೇಗದಾಗ 28 ಸೆಕೆಂಡ್. ಮೊದಲ ಸಲ ಕೂಡಿದಾಗ ರಾಮ ತಪ್ಪಿಸ್ಕೊಂತಾನ, ಎರಡನೇ ಸಲನೂ ತಪ್ಪಿಸ್ಕೊಂತಾನ. ಮೂರನೇ ಸಲ ಕೂಡೋ ಪೆಟ್ಟಿಗೆ ಹತ್ತೂ ಮಂದಿ ಒಂದ ಪೆಟ್ಟು, ಕೂಡ್ಲೆ ತೊಗಲಿನ ಮ್ಯಾಲೆ ಅಂಗೈ ಇಟ್ಟು ದನಿ ಮುಚ್ಚಬೇಕು. ತಾಸು ಹಿಡದವ್ರು ಮಾತ್ರ ಮುಚ್ಚಬಾರದು, ಆ ಒಂದು ಗುಂಯ್ ತಾನ ತಾನ ಇಳ್ಕೊಂತ ಹೋಗ್ಲಿ. ಇದನ್ನ ಕಲಿಸೋವಾಗ 8ರವ್ರನ್ನ ಸಮಾಳದ ಕಡಿ ಬೆನ್ನು ಮಾಡಿ ನಿಲ್ಲಿಸ್ರಿ, ನೋಡಿದ್ರ ಕೈ ಎಳಿತೈತಿ.

ಇಲ್ಲಿಗೆ ಮುಗಿಸೋಣ ಅಂತ ನಾ ಅಂದಿದ್ದೆ. ತಲಿ ಬಿತ್ತು, ಕತಿ ಮುಗೀತು. ಕಾಕಾ ಒಪ್ಪಲಿಲ್ಲ. "ತಲಿ ಬಿತ್ತು ಅಂತ ಅವ್ರಿಗೆ ಹೆಂಗ ಗೊತ್ತಾಗ್ಬೇಕೋ, ಒಮ್ಮೆ ನಕಲಿ ತಲಿ ತೋರಿಸಿ ಮೋಸ ಮಾಡೀಯಲ್ಲ" ಅಂದ. ಆಮ್ಯಾಲೆ ತಾನ ಡೊಳ್ಳಿನ ಹುಡುಗನ್ನ ಕರದು ಹೇಳಿಕೊಟ್ಟ. ತಾಸಿನ ಗುಂಯ್ ಪೂರಾ ಸತ್ತ ಮ್ಯಾಲೆ ಏರು ದನಿ ಡೊಳ್ಳು, ರಾಮನ ಸ್ವಂತ ಡೊಳ್ಳು, ಒಂದ ಒಂದು ಸಲ ಆ ಬಡಿತ ಮೆತ್ತಗ ಬಾರಿಸ್ತೈತಿ, 12ನೇ ಡುಂ ಬಿಟ್ಟು. ಈ ಸಲ ಅಸಲಿ ತಲಿನ ಹೋಗೈತಿ. ಅಷ್ಟ ಬಾರಿಸಿ ಕೋಲು ಕೆಳಗ ಇಡ್ತಾನ, ಯಾರೂ ನಮಸ್ಕಾರ ಮಾಡೂದಿಲ್ಲ, ಹಂಗ ಎದ್ದು ಹೋಗೋದು.

ಮೊದಲ ಸಲ ಪೂರಾ ಬಾರಿಸಿದ್ದು ಒಂದು ಹಳ್ಳಿ ಜಾತ್ರ್ಯಾಗ. ಮುಗಿಸಿ ಡೊಳ್ಳು ಗಾಡ್ಯಾಗ ಹೇರಾಕತ್ತಿದ್ವಿ, ಒಬ್ಬ ಹೆಣ್ಣಮಗಳು ಬಗಲಾಗ ಕೂಸು ಎತ್ಕೊಂಡು ಬಂದು, "ಯಣ್ಣಾ, ಎಲ್ಲಾ ಚಲೋ ಬಾರಿಸಿದ್ರಿ, ಕೊನಿಗೆ ಮಾತ್ರ ಒಂದು ಪೆಟ್ಟು ತಪ್ಪಿದ್ರಿ ನೋಡ್ರಿ" ಅಂದ್ಲು. ಕಾಕಾ ನನ್ನ ಮಾರಿ ನೋಡಿದ. ಅವತ್ತು ಹತ್ತೂ ಮಂದಿಗೆ ಮಿರ್ಚಿ ಮಂಡಕ್ಕಿ ನಂದ.